ಬದರ್ಪುರದ ಕುಲುಮೆ ಆರಿದ ಬಗೆ

ಬೇಸಿಗೆಯ ರಜೆಯನ್ನು ಊರಿನಲ್ಲಿ ಕಳೆದು ಕರ್ನಾಟಕ ಎಕ್ಸ್‌ಪ್ರೆಸ್ ಗಾಡಿಯಲ್ಲಿ ದೆಹಲಿಗೆ ಮರಳುತ್ತಿದ್ದ ನಮ್ಮವರಿಗೆ ರಾಜಧಾನಿಯ ಮೊದಲ ಗುರುತು ಕುತುಬ್ ಮಿನಾರೂ ಅಲ್ಲ, ಕೆಂಪುಕೋಟೆಯೂ ಅಲ್ಲ, ಬದರ್ಪುರದ ಹೊಗೆಕೊಳವೆಗಳು. ಎರಡು ರಾತ್ರಿಗಳ ಪ್ರಯಾಣ ಮುಗಿಯುತ್ತ ಬಂದು ಗಾಡಿಯು ಫರೀದಾಬಾದನ್ನು ದಾಟಿದ ಮೇಲೆ, ಬಲಗಡೆಯ ಕಿಟಕಿಯಿಂದ ದೂರದಲ್ಲಿ ಅವು ಕಾಣಿಸಿಕೊಳ್ಳುತ್ತಿದ್ದವು. ಅವನ್ನು ಕಂಡೊಡನೆ ಡಬ್ಬಿಯಲ್ಲಿದ್ದವರೆಲ್ಲ ಎದ್ದು, ಹಾಸಿಗೆ ಸುತ್ತಿ, ಹಲಸಿನಕಾಯಿ ಹಪ್ಪಳದ ಡಬ್ಬವನ್ನೂ ಉಪ್ಪಿನಕಾಯಿಯ ಜಾಡಿಯನ್ನೂ ಜೋಪಾನವಾಗಿ ಕೆಳಗಿಳಿಸಿಕೊಳ್ಳುತ್ತಿದ್ದರು. ಆ ಕೊಳವೆಗಳ ತುದಿಯಲ್ಲಿ ಬೂದುಬಣ್ಣದ ಹೊಗೆ ಇರುತ್ತಿತ್ತು. ಅದು ಏನು, ಏತಕ್ಕೆ ಎಂದು ವಿಚಾರಿಸಿದವರು ನಮ್ಮಲ್ಲಿ ಕಡಮೆ.

ಅದು ಬದರ್ಪುರದ ಉಷ್ಣ ವಿದ್ಯುದಾಗಾರ. ನಲವತ್ತೈದು ವರ್ಷ ಈ ನಗರಕ್ಕೆ ಬೆಳಕು ಕೊಟ್ಟು, 2018ನೆಯ ಇಸವಿ ಅಕ್ಟೋಬರ್ 15ರಂದು ಅದು ಶಾಶ್ವತವಾಗಿ ನಿಂತುಹೋಯಿತು. ನಾವು ಮಲಗುವ ಮುನ್ನ ಗುಂಡಿಯೊತ್ತಿ ದೀಪ ಆರಿಸುವಂತೆ ಅದನ್ನು ಒಂದು ದಿನ ಆರಿಸಿಬಿಟ್ಟರೆಂದು ಯಾರೂ ತಿಳಿಯಬಾರದು. ನಿಲ್ಲಿಸಬೇಕೆಂಬ ಮಾತು ಹುಟ್ಟಿದ ದಿನಕ್ಕೂ ಅದು ನಿಂತ ದಿನಕ್ಕೂ ನಡುವೆ ವರ್ಷಗಳೇ ಉರುಳಿದವು. ಕೆಟ್ಟ ಹೊಗೆಯನ್ನು ಕಾರುವ ಯಂತ್ರವನ್ನು ನಿಲ್ಲಿಸುವುದಕ್ಕೆ ಇಷ್ಟು ಕಾಲ ಬೇಕಾದದ್ದೇಕೆ? ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆಯೇ ಇದು. ಇದಕ್ಕೆ ಉತ್ತರವನ್ನು ಹುಡುಕುವುದು ಈ ಲೇಖನದ ಉದ್ದೇಶ.

ಬದರ್ಪುರವು ದೆಹಲಿಯ ಆಗ್ನೇಯ ಅಂಚಿನಲ್ಲಿ, ಹರಿಯಾಣದ ಗಡಿಗೆ ತಾಗಿಕೊಂಡಿರುವ ಊರು. 1970ರ ಹೊತ್ತಿಗೆ ದೆಹಲಿ ಬೆಳೆಯುತ್ತಿತ್ತು, ವಿದ್ಯುತ್ತು ಸಾಲದಾಗಿತ್ತು. ಓಖ್ಲಾದ ಬಳಿ ಯಮುನೆಯಿಂದ ಹೊರಡುವ ಆಗ್ರಾ ಕಾಲುವೆ ಇಲ್ಲಿ ಹತ್ತಿರದಲ್ಲೇ ಹರಿಯುತ್ತದೆ, ರೈಲುಮಾರ್ಗವೂ ಸಮೀಪ. ನೀರು ಮತ್ತು ರೈಲು, ಇವೆರಡೂ ಇಲ್ಲದೆ ಕಲ್ಲಿದ್ದಲಿನ ವಿದ್ಯುದಾಗಾರ ನಡೆಯದು. ಮೊದಲ ಘಟಕವು 1973ರಲ್ಲಿ ಕೆಲಸ ಆರಂಭಿಸಿತು. ಮುಂದೆ 1974ರಲ್ಲಿ ಒಂದು, 1975ರಲ್ಲಿ ಒಂದು, ಹೀಗೆ ತಲಾ 100 ಮೆಗಾವ್ಯಾಟಿನ ಮೂರು ಘಟಕಗಳಾದವು. ತರುವಾಯ 1978 ಮತ್ತು 1981ರಲ್ಲಿ ತಲಾ 210 ಮೆಗಾವ್ಯಾಟಿನ ಎರಡು ದೊಡ್ಡ ಘಟಕಗಳು ಸೇರಿಕೊಂಡವು. 1978ರಿಂದ ಇದರ ಆಡಳಿತವನ್ನು ಕೇಂದ್ರ ಸರಕಾರದ ಎನ್‌ಟಿಪಿಸಿ ಸಂಸ್ಥೆಯು ನೋಡಿಕೊಂಡಿತು. ಕಲ್ಲಿದ್ದಲು ಬರುತ್ತಿದ್ದದ್ದು ಸಾವಿರ ಕಿಲೋಮೀಟರಿಗೂ ಮಿಕ್ಕ ದೂರದ ಝರಿಯಾ ಗಣಿಗಳಿಂದ.

ಒಳಗೆ ನಡೆಯುತ್ತಿದ್ದ ಕೆಲಸವನ್ನು ಸ್ವಲ್ಪ ನೋಡೋಣ. ಗಾಡಿಗಳಲ್ಲಿ ಬಂದ ಕಲ್ಲಿದ್ದಲನ್ನು ಮೊದಲು ಒಡೆದು, ಆಮೇಲೆ ಗಿರಣಿಗಳಲ್ಲಿ ಮೈಗೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಬೀಸುತ್ತಾರೆ. ಆ ಪುಡಿಯನ್ನು ಬಿಸಿಗಾಳಿಯೊಡನೆ ಕುಲುಮೆಯೊಳಕ್ಕೆ ಊದುತ್ತಾರೆ. ಹಲವು ಅಂತಸ್ತಿನ ಮನೆಯಷ್ಟು ಎತ್ತರದ ಆ ಕುಲುಮೆಯ ಗೋಡೆಗಳೆಂದರೆ ಒತ್ತೊತ್ತಾಗಿ ನಿಲ್ಲಿಸಿದ ಉಕ್ಕಿನ ಕೊಳವೆಗಳೇ, ಅವುಗಳೊಳಗೆ ನೀರು. ನೀರು ಉಗಿಯಾಗಿ, ಉಗಿ ಇನ್ನೂ ಕಾದು ಸುಮಾರು 540 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೇರುತ್ತದೆ; ಅದರ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡಕ್ಕಿಂತ ನೂರು ಪಟ್ಟಿಗೂ ಹೆಚ್ಚು. ಈ ಉಗಿಯು ಟರ್ಬೈನಿನ ಅಲಗುಗಳ ಮೇಲೆ ರಭಸದಿಂದ ನುಗ್ಗಿ ಅದನ್ನು ನಿಮಿಷಕ್ಕೆ 3000 ಸುತ್ತು ತಿರುಗಿಸುತ್ತದೆ. ಅದೇ ದಂಡಕ್ಕೆ ಜೋಡಿಸಿದ ಜನರೇಟರಿನಿಂದ ವಿದ್ಯುತ್ತು ಹೊರಡುತ್ತದೆ. ಕೆಲಸ ಮುಗಿದ ಉಗಿಯನ್ನು ತಣ್ಣೀರಿನ ಕೊಳವೆಗಳಿಗೆ ತಾಗಿಸಿ ಮತ್ತೆ ನೀರಾಗಿಸಿ ಕುಲುಮೆಯ ಕಡೆಗೆ ತಿರುಗಿ ಕಳುಹಿಸುತ್ತಾರೆ. ಕಾಲುವೆಯ ನೀರು ಬೇಕಾದದ್ದು ಮುಖ್ಯವಾಗಿ ಇದಕ್ಕೆ. ಇಲ್ಲಿಯೇ ನಷ್ಟವೂ ಹೆಚ್ಚು. ಇಂಥ ಹಳೆಯ ಆಗಾರಗಳಲ್ಲಿ ಕಲ್ಲಿದ್ದಲಿನ ಶಾಖದಲ್ಲಿ ಮೂರನೆಯ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ; ಮಿಕ್ಕದ್ದು ನೀರಿಗೂ ಗಾಳಿಗೂ ಹೋಗುತ್ತದೆ.

ಇನ್ನು ಒಂದು ಸಣ್ಣ ಲೆಕ್ಕ ಮಾಡೋಣ. ಕಾಗದ ಪೆನ್ಸಿಲು ಹಿಡಿದು ನೀವೂ ತಾಳೆ ನೋಡಬಹುದು. ಕೊನೆಯ ವರ್ಷಗಳಲ್ಲಿ ಬದರ್ಪುರದ ಒಟ್ಟು ಸಾಮರ್ಥ್ಯ 705 ಮೆಗಾವ್ಯಾಟ್, ಎಂದರೆ 7 ಲಕ್ಷ 5 ಸಾವಿರ ಕಿಲೋವ್ಯಾಟ್. ಇದು ಒಂದು ಹಗಲು ಒಂದು ರಾತ್ರಿ ಪೂರ್ತಿಯಾಗಿ ನಡೆದರೆ 24ರಿಂದ ಗುಣಿಸಿ 1 ಕೋಟಿ 69 ಲಕ್ಷ ಯೂನಿಟ್ ಆಗುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಮ್ ಬೇಕೆಂದು ಹಿಡಿದರೆ, ದಿನಕ್ಕೆ 11,800 ಟನ್ನು. ಮೂರು ದೊಡ್ಡ ಸಾಮಾನು ರೈಲುಗಳ ತುಂಬ! ಅದರಲ್ಲಿ ಸುಮಾರು ಮೂರನೆಯ ಒಂದು ಪಾಲು ಬೂದಿ. ಎಂದರೆ ಪೂರ್ಣವಾಗಿ ನಡೆದ ಪ್ರತಿಯೊಂದು ದಿನವೂ ನಾಲ್ಕು ಸಾವಿರ ಟನ್ನಿನ ಹತ್ತಿರ ಬೂದಿ ಬೀಳಬೇಕು. ಒಲೆಯ ಬೂದಿಯನ್ನು ಪಾತ್ರೆ ತಿಕ್ಕಲು ಇಟ್ಟುಕೊಳ್ಳುತ್ತಿದ್ದ ನಮ್ಮ ಅಜ್ಜಿಯರಿಗೆ ಈ ಅಂಕಿಯನ್ನು ಹೇಳಿದ್ದರೆ ನಂಬುತ್ತಿರಲಿಲ್ಲ.

ಯಂತ್ರಕ್ಕೂ ಮುಪ್ಪುಂಟು. ಹಗಲಿರುಳು ಶಾಖದಲ್ಲೂ ಒತ್ತಡದಲ್ಲೂ ಇರುವ ಉಕ್ಕು ವರ್ಷಗಳು ಕಳೆದಂತೆ ಕೂದಲೆಳೆಯಷ್ಟಾಗಿ ಹಿಗ್ಗುತ್ತ ಹೋಗಿ ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಹೊಗೆಯೊಡನೆ ಹಾರುವ ಬೂದಿಯು ಮರಳುಕಾಗದದಂತೆ ಕೊಳವೆಗಳ ಮೈಯನ್ನು ತೇಯುತ್ತದೆ. ತೆಳುವಾದ ಕಡೆ ಕೊಳವೆ ಒಡೆಯುತ್ತದೆ. ಒಂದು ಕೊಳವೆ ಒಡೆದರೂ ಇಡೀ ಘಟಕವನ್ನು ನಿಲ್ಲಿಸಿ, ಕುಲುಮೆ ತಣಿಯುವವರೆಗೆ ಕಾಯ್ದು, ಬೆಸುಗೆ ಹಾಕಿ, ಮತ್ತೆ ಹೊತ್ತಿಸಬೇಕು. ಹೀಗೆ ತಣಿಸಿ ಕಾಯಿಸುವುದೇ ಉಕ್ಕಿಗೆ ಮತ್ತೊಂದು ಪೆಟ್ಟು. ಇಂಥ ಘಟಕಗಳ ಆಯುಸ್ಸನ್ನು ಸಾಮಾನ್ಯವಾಗಿ 25 ವರ್ಷವೆಂದು ಎಣಿಸುತ್ತಾರೆ. ಭಾಗಗಳನ್ನು ಬದಲಾಯಿಸಿ ಮುಂದಕ್ಕೆ ಎಳೆಯಬಹುದು. ಬದರ್ಪುರದ ಮೂರು ಹಿರಿಯ ಘಟಕಗಳ ಸಾಮರ್ಥ್ಯವನ್ನು 1990ರ ಸುಮಾರಿಗೇ 100ರಿಂದ 95 ಮೆಗಾವ್ಯಾಟಿಗೆ ಇಳಿಸಿ ಬರೆಯಬೇಕಾಯಿತು. ಅವು ಮತ್ತೂ ಎರಡು ದಶಕಗಳಿಗೆ ಮೇಲ್ಪಟ್ಟು ದುಡಿದವು.

ಮುಪ್ಪಾದ ಯಂತ್ರವು ತಾನು ಕೆಡುವುದಷ್ಟೇ ಅಲ್ಲ, ಗಾಳಿಯನ್ನೂ ಕೆಡಿಸುತ್ತದೆ. ಹೊಗೆಯಲ್ಲಿರುವ ಬೂದಿಯನ್ನು ಹಿಡಿಯಲು ಒಂದು ಉಪಾಯವುಂಟು. ಹೊಗೆಯ ದಾರಿಯಲ್ಲಿ ಲೋಹದ ಹಲಗೆಗಳನ್ನು ತೂಗುಬಿಟ್ಟು, ಭಾರಿ ವೋಲ್ಟೇಜಿನಿಂದ ಬೂದಿಯ ಕಣಗಳಿಗೆ ವಿದ್ಯುದಂಶವನ್ನು ಕೊಡುತ್ತಾರೆ. ತಲೆಗೆ ಉಜ್ಜಿದ ಬಾಚಣಿಗೆಯು ಕಾಗದದ ಚೂರನ್ನು ಸೆಳೆಯುವಂತೆ ಹಲಗೆಗಳು ಕಣಗಳನ್ನು ಸೆಳೆದುಕೊಳ್ಳುತ್ತವೆ. ಆದರೆ 1970ರ ದಶಕದಲ್ಲಿ ಕಟ್ಟಿದ ಆಗಾರಕ್ಕೂ ಇಂದಿನದಕ್ಕೂ ಅಳತೆ ಒಂದೇ ಅಲ್ಲ. ಕೇಂದ್ರ ಸರಕಾರವು 2015ರ ಡಿಸೆಂಬರಿನಲ್ಲಿ ಹೊರಡಿಸಿದ ನಿಯಮವೇ, 2003ಕ್ಕೆ ಹಿಂದಿನ ಘಟಕಗಳು ಒಂದು ಘನ ಮೀಟರು ಹೊಗೆಯಲ್ಲಿ 100 ಮಿಲಿಗ್ರಾಮಿನವರೆಗೆ ಧೂಳು ಬಿಡಬಹುದೆಂದೂ 2017ರಿಂದೀಚಿನವು 30ನ್ನು ಮೀರಬಾರದೆಂದೂ ಬೇರೆ ಬೇರೆ ಮಿತಿಗಳನ್ನು ಗೊತ್ತುಮಾಡಿತು. ಜೊತೆಗೆ ಗಂಧಕದ ಡೈಆಕ್ಸೈಡು ಬೇರೆ. ಅದು ಕೊಳವೆಯಿಂದ ಅನಿಲವಾಗಿ ಹೊರಟು, ಗಾಳಿಯಲ್ಲಿ ತೇಲುತ್ತ ಹೋಗಿ, ದೂರದಲ್ಲಿ ಸೂಕ್ಷ್ಮಕಣವಾಗಿ ಮಾರ್ಪಡುತ್ತದೆ. 2015ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆಯು ದೇಶದ ಉಷ್ಣ ವಿದ್ಯುದಾಗಾರಗಳನ್ನು ಪರಿಶೀಲಿಸಿದಾಗ, ಬದರ್ಪುರವು ಅತಿ ಹೆಚ್ಚು ಮಾಲಿನ್ಯ ಮಾಡುವವುಗಳ ಸಾಲಿನಲ್ಲಿ ನಿಂತಿತು.

ದೆಹಲಿಯ ಚಳಿಗಾಲವು ಈ ದೋಷವನ್ನು ಇಮ್ಮಡಿಸುತ್ತದೆ. ಸಾಮಾನ್ಯವಾಗಿ ನೆಲದ ಬಳಿಯ ಬೆಚ್ಚನೆಯ ಗಾಳಿ ಮೇಲೇರಿ ಹೊಗೆಯನ್ನೂ ಒಯ್ಯುತ್ತದೆ. ನವೆಂಬರ್, ಡಿಸೆಂಬರ್ ತಿಂಗಳುಗಳ ರಾತ್ರಿಗಳಲ್ಲಿ ನೆಲ ಬೇಗ ತಣ್ಣಗಾಗಿ, ತಂಪು ಗಾಳಿ ಕೆಳಗೂ ಬೆಚ್ಚನೆಯದು ಮೇಲೂ ನಿಲ್ಲುತ್ತವೆ. ಆಗ ಹಂಡೆಗೆ ಮುಚ್ಚಳ ಹಾಕಿದಂತಾಗಿ, ಊರಿನ ಹೊಗೆ ಊರಿನಲ್ಲೇ ಉಳಿಯುತ್ತದೆ. 2016ರ ನವೆಂಬರ್ ಮೊದಲ ವಾರದಲ್ಲಿ ಹೀಗೆಯೇ ಆಯಿತು. ಹಗಲಿನಲ್ಲೂ ಎದುರಿನ ಕಟ್ಟಡ ಕಾಣದಂಥ ಮಬ್ಬು. ದೆಹಲಿಯ ಶಾಲೆಗಳಿಗೆ ಮೂರು ದಿನ ರಜೆ ಘೋಷಿಸಿದರು. ಬದರ್ಪುರವನ್ನು ಹತ್ತು ದಿನ ನಿಲ್ಲಿಸಬೇಕೆಂದೂ ಅದೇ ಸಮಯದಲ್ಲಿ ತೀರ್ಮಾನವಾಯಿತು. ಈಗ ಪ್ರೌಢಶಾಲೆಯ ಕೊನೆಯ ತರಗತಿಗಳಲ್ಲಿರುವ ನಿಮ್ಮಲ್ಲಿ ಕೆಲವರು ಆಗ ಅಕ್ಷರ ತಿದ್ದುತ್ತಿದ್ದಿರಿ. ಆಟದ ಬಯಲಿಗೆ ಬಿಡದೆ ಒಳಗೇ ಕೂರಿಸಿದ್ದೇಕೆಂದು ನಿಮಗೆ ತಿಳಿದಿರಲಿಕ್ಕಿಲ್ಲ. ಹತ್ತು ದಿನದ ಮಾತು ಹತ್ತು ದಿನಕ್ಕೆ ಮುಗಿಯಲಿಲ್ಲ. ಮರುವರ್ಷ ಮಾರ್ಚಿಯವರೆಗೆ ಅದು ಹೊತ್ತಲಿಲ್ಲ.

ಹಾಗಾದರೆ ಮಾರ್ಚಿಯಲ್ಲಿ ಮತ್ತೆ ಹೊತ್ತಿಸಿದ್ದೇಕೆ? ನಮ್ಮ ಪ್ರಶ್ನೆಯ ಗಂಟು ಇಲ್ಲಿದೆ.

ಭತ್ತವನ್ನು ಕಣಜದಲ್ಲಿ ತುಂಬಿಡುವಂತೆ ಒಂದು ಮಹಾನಗರಕ್ಕೆ ಬೇಕಾದ ವಿದ್ಯುತ್ತನ್ನು ತುಂಬಿಡುವುದು ಸುಲಭವಲ್ಲ. ಬಹುಮಟ್ಟಿಗೆ, ಬೇಡಿದ ಕ್ಷಣದಲ್ಲೇ ಎಲ್ಲಿಯೋ ಒಂದು ಕಡೆ ಅದು ಹುಟ್ಟಬೇಕು. ದೆಹಲಿಯ ಬೇಡಿಕೆ 2018ರ ಜುಲೈಯಲ್ಲಿ ಮೊದಲ ಬಾರಿಗೆ 7000 ಮೆಗಾವ್ಯಾಟನ್ನು ದಾಟಿತು. 2024ರ ಜೂನ್ 19ರಂದು 8656ಕ್ಕೆ ಮುಟ್ಟಿತು. ಇದರೆದುರು ಬದರ್ಪುರದ 705 ಹತ್ತರಲ್ಲಿ ಒಂದು ಪಾಲು ಮಾತ್ರ. ಅಷ್ಟನ್ನು ಹೊರಗಿನಿಂದ ತರಿಸಿಕೊಂಡರಾಯಿತಲ್ಲ ಎಂದು ನಾವೂ ಮೊದಲು ಎಣಿಸಿದ್ದೆವು. ತರಿಸಿಕೊಳ್ಳಬಹುದು, ಆದರೆ ದೂರದಿಂದ ಬರುವುದಕ್ಕೂ ಮನೆಯ ಹತ್ತಿರ ಹುಟ್ಟುವುದಕ್ಕೂ ವ್ಯತ್ಯಾಸವಿದೆ.

ನೀರಾವರಿಯ ಕಾಲುವೆಯನ್ನು ನೆನೆಯಿರಿ. ಅಣೆಕಟ್ಟಿನ ಬಳಿಯ ಗದ್ದೆಗೆ ನೀರು ಭರದಿಂದ ಬರುತ್ತದೆ. ಕಾಲುವೆಯ ಬಾಲದಲ್ಲಿರುವ ರೈತನ ಗದ್ದೆಗೆ, ಮೇಲಿನವರೆಲ್ಲ ತೂಬು ತೆರೆದ ದಿನ, ತೊಟ್ಟಿಕ್ಕುತ್ತದೆ. ವಿದ್ಯುತ್ತಿನಲ್ಲೂ ಹೀಗೆಯೇ: ದೂರದಿಂದ ಹರಿದು ಬರುವಾಗ ಬೇಡಿಕೆ ಹೆಚ್ಚಾದರೆ ತಂತಿಯ ಕೊನೆಯಲ್ಲಿ ವೋಲ್ಟೇಜು ಕುಸಿಯುತ್ತದೆ. ಬಾಲದ ಗದ್ದೆಯ ಪಕ್ಕದಲ್ಲೇ ಒಂದು ಬಾವಿಯಿದ್ದರೆ ಆ ರೈತ ಬದುಕಿಕೊಳ್ಳುತ್ತಾನೆ. ದಕ್ಷಿಣ ದೆಹಲಿಗೆ ಬದರ್ಪುರವು ಅಂಥ ಬಾವಿಯಾಗಿತ್ತು. ಬಾವಿಯನ್ನು ಮುಚ್ಚುವ ಮುನ್ನ ಕಾಲುವೆಯನ್ನು ಅಗಲ ಮಾಡಬೇಕಷ್ಟೆ.

2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲವೇ ಕುಸಿದದ್ದನ್ನು ಹಿರಿಯರು ಮರೆತಿರಲಾರರು. ಎರಡನೆಯ ದಿನ ಪೂರ್ವ ಮತ್ತು ಈಶಾನ್ಯದ ಜಾಲಗಳೂ ಸೇರಿ 60 ಕೋಟಿಗೂ ಹೆಚ್ಚು ಜನರಿಗೆ ವಿದ್ಯುತ್ತು ತಪ್ಪಿತು. ದೆಹಲಿಯ ಮೆಟ್ರೋ ಗಾಡಿಗಳು ನಿಂತವು. ಜಾಲ ಮುರಿದಾಗ ಆಸ್ಪತ್ರೆ, ನೀರಿನ ಪಂಪು ಮೊದಲಾದವುಗಳಿಗಾದರೂ ಬೆಳಕು ಕೊಡಲು ನಗರದೊಳಗೆ ಒಂದಿಷ್ಟು ಉತ್ಪಾದನೆ ಇರಬೇಕೆಂಬ ಮಾತಿಗೆ ಆ ಎರಡು ದಿನಗಳಿಂದ ಬಲ ಬಂದಿತು. ಹೊಗೆಯನ್ನು ಕಂಡು ಬದರ್ಪುರವನ್ನು ಬೈದವರೂ ಕತ್ತಲೆಯನ್ನು ಕಂಡಾಗ ಅದನ್ನು ಬೇಡವೆನ್ನಲು ಹಿಂಜರಿದರು.

ಆದುದರಿಂದ, ವಯಸ್ಸಾದ ಯಜಮಾನರು ಮನೆಯ ಕೆಲಸಗಳನ್ನು ಒಂದೊಂದಾಗಿ ಮಕ್ಕಳ ಕೈಗೆ ಒಪ್ಪಿಸುವಂತೆ, ಬದರ್ಪುರದ ಕೆಲಸಗಳನ್ನು ಬೇರೆಯವರಿಗೆ ಒಪ್ಪಿಸುತ್ತ ಬಂದರು. ನಗರದೊಳಗಿನ ಇತರ ಹಿರಿಯರು ಆ ವೇಳೆಗಾಗಲೇ ತೆರೆಮರೆಗೆ ಸರಿದಿದ್ದರು. ವರ್ತುಲ ರಸ್ತೆಯ ಪಕ್ಕದಲ್ಲಿ ಯಮುನೆಯ ದಡದಲ್ಲಿದ್ದ ಇಂದ್ರಪ್ರಸ್ಥ ವಿದ್ಯುದಾಗಾರದ ಕಲ್ಲಿದ್ದಲಿನ ಘಟಕಗಳನ್ನು 2009-10ರ ಹೊತ್ತಿಗೆ ಮುಚ್ಚಿದ್ದರು. 135 ಮೆಗಾವ್ಯಾಟಿನ ರಾಜಘಾಟ್ ಆಗಾರ 2015ರಲ್ಲಿ ನಿಂತಿತ್ತು. ಅವುಗಳ ಬದಲಿಗೆ ಇಂದ್ರಪ್ರಸ್ಥದ ಬಳಿಯ ಪ್ರಗತಿ ಆಗಾರ, ನಗರದ ವಾಯವ್ಯದ ಬವಾನಾ ಆಗಾರ, ಇವು ನೈಸರ್ಗಿಕ ಅನಿಲದಿಂದ ನಡೆಯತೊಡಗಿದವು. ಅನಿಲದಲ್ಲಿ ಬೂದಿಯಿಲ್ಲ, ಆದರೆ ಅದು ದುಬಾರಿ, ಸಾಕಷ್ಟು ಸಿಗುವುದೂ ಇಲ್ಲ.

ಬದರ್ಪುರದೊಳಗೇ ಮೊದಲು ಸುಮ್ಮನಾದವು ಮೂರು ಚಿಕ್ಕ ಘಟಕಗಳು. 210 ಮೆಗಾವ್ಯಾಟಿನ ಎರಡು ಮಾತ್ರ ಉಳಿದವು. ಅವೂ ವರ್ಷವಿಡೀ ನಡೆಯಲಿಲ್ಲ. ಗಾಳಿ ಕೆಟ್ಟಷ್ಟೂ ಕಟ್ಟುಪಾಡು ಬಿಗಿಯಾಗಬೇಕೆಂಬ ಹಂತಹಂತದ ಯೋಜನೆ 2017ರಲ್ಲಿ ದೆಹಲಿಗೆ ಜಾರಿಯಾಗಿ, ಆ ವರ್ಷದ ಅಕ್ಟೋಬರ್ ನಡುವಿನಿಂದ ಮುಂದಿನ ಮಾರ್ಚಿ ನಡುವಿನವರೆಗೆ ಬದರ್ಪುರವನ್ನು ಮುಚ್ಚಿಟ್ಟರು. ಎಂದರೆ ಬೇಸಿಗೆಯಲ್ಲಿ ಬೇಕಾದಾಗ ದುಡಿತ, ಚಳಿಗಾಲದಲ್ಲಿ ವಿಶ್ರಾಂತಿ. ಅಷ್ಟರಲ್ಲಿ ಸಮೀಪದ ತುಗ್ಲಕಾಬಾದಿನಲ್ಲಿ 400 ಕಿಲೋವೋಲ್ಟಿನ ಉಪಕೇಂದ್ರವೊಂದು ಸಿದ್ಧವಾಗುತ್ತಿತ್ತು. ವೋಲ್ಟೇಜು ಹೆಚ್ಚಿದಷ್ಟೂ ಅದೇ ಶಕ್ತಿಯನ್ನು ಕಡಮೆ ಪ್ರವಾಹದಿಂದ ಸಾಗಿಸಬಹುದು. ಪ್ರವಾಹ ಅರ್ಧವಾದರೆ ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟ ಕಾಲು ಭಾಗಕ್ಕಿಳಿಯುತ್ತದೆ. ನಾವು ಮೇಲೆ ಹೇಳಿದ ಅಗಲವಾದ ಕಾಲುವೆ ಇದೇ. ಈ ಉಪಕೇಂದ್ರದ ಕೆಲಸಕ್ಕೇ ಬದರ್ಪುರದ ಕೊನೆಯ ದಿನವನ್ನು ಗಂಟುಹಾಕಿದ್ದರು. ಆಗಾರವು ಹಳೆಯದೆಂದು ಎಲ್ಲರೂ ಬಲ್ಲ ಮೇಲೆ ಈ ಕಾಲುವೆಯನ್ನು ಇನ್ನಷ್ಟು ಮೊದಲೇ ತೋಡಬಾರದಾಗಿತ್ತೇ? ತೋಡಬೇಕಾಗಿತ್ತೆಂಬುದೇ ನಮ್ಮ ಅಭಿಪ್ರಾಯ. ಮುಪ್ಪು ಹೇಳದೆ ಬರುವ ಅತಿಥಿಯಲ್ಲ.

ನಿಂತ ಮೇಲೆ ಗಾಳಿ ಶುದ್ಧವಾಯಿತೇ? 2019ರ ನವೆಂಬರಿನಲ್ಲಿ, ಬದರ್ಪುರ ತಣ್ಣಗಾಗಿ ವರ್ಷ ಕಳೆದಿದ್ದರೂ, ದೆಹಲಿಯ ಶಾಲೆಗಳಿಗೆ ಹೊಗೆಯ ಕಾರಣದಿಂದ ಮತ್ತೆ ರಜೆ ಕೊಡಬೇಕಾಯಿತು. ವಾಹನಗಳ ಹೊಗೆ, ರಸ್ತೆಯ ಮತ್ತು ಕಟ್ಟಡಗಳ ಧೂಳು, ಕಾರ್ಖಾನೆಗಳು, ಹೊಲಗಳಲ್ಲಿ ಸುಡುವ ಕೂಳೆ, ಇವೆಲ್ಲ ಇದ್ದೇ ಇವೆ. ಒಂದು ದೊಡ್ಡ ಕುಲುಮೆ ಆರಿದ್ದು ಲಾಭವೇ ಸರಿ. ಮಿಕ್ಕ ಸಾವಿರಾರು ಸಣ್ಣ ಕುಲುಮೆಗಳ ಲೆಕ್ಕ ಬೇರೆ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ದೆಹಲಿಯ ವಿದ್ಯುತ್ತಿನ ಬಹುಪಾಲು ಈಗ ಹೊರಗಿನಿಂದ ಬರುತ್ತದೆ. ಅದರಲ್ಲಿ ಕಲ್ಲಿದ್ದಲಿನದೇ ದೊಡ್ಡ ಪಾಲು. ಉತ್ತರ ಪ್ರದೇಶದ ದಾದ್ರಿಯ ಕುಲುಮೆಗಳೂ ಹರಿಯಾಣದ ಝಜ್ಜರಿನ ಕುಲುಮೆಗಳೂ ಈ ನಗರದ ಸುತ್ತಲೇ ಇವೆ. ನಾವು ಓದುವ ದೀಪದ ಹೊಗೆಯನ್ನು ಅಲ್ಲಿಯ ಶಾಲೆಯ ಮಕ್ಕಳು ಮೊದಲು ಉಸಿರಾಡುತ್ತಾರೆ. ಗಾಳಿ ತಿರುಗಿದ ದಿನ ಅದರಲ್ಲೊಂದು ಪಾಲು ನಮಗೂ ಬರುತ್ತದೆ.

ನಮ್ಮ ನಾಡಿನಲ್ಲೂ ಬದರ್ಪುರಕ್ಕೆ ಒಬ್ಬ ಸೋದರನಿದ್ದಾನೆ. ರಾಯಚೂರಿನ ಬಳಿ ಕೃಷ್ಣಾ ನದಿಯ ದಡದ ಶಕ್ತಿನಗರದಲ್ಲಿ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಅದರ ಅಳತೆಯೂ ಬದರ್ಪುರದ ದೊಡ್ಡ ಘಟಕಗಳಂತೆ 210 ಮೆಗಾವ್ಯಾಟ್. ಮುಂದೆ ಎಂಟು ಘಟಕಗಳಾಗಿ ಒಟ್ಟು 1720 ಮೆಗಾವ್ಯಾಟಿಗೆ ಬೆಳೆಯಿತು. ಈ ಸೋದರ ಸಂಬಂಧ ಬರಿಯ ಮಾತಿನದಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ ನಡುವಿನ 765 ಕಿಲೋವೋಲ್ಟಿನ ತಂತಿಮಾರ್ಗದ ಮೂಲಕ ದಕ್ಷಿಣದ ಜಾಲವು ದೇಶದ ಉಳಿದ ಜಾಲಕ್ಕೆ ಸೇರಿತು. ಹಾಗೆ ಸೇರಿದ ಯಂತ್ರಗಳೆಲ್ಲ ಒಂದೇ ತಾಳಕ್ಕೆ ತಿರುಗಬೇಕು. ಸೆಕೆಂಡಿಗೆ 50 ಆವರ್ತ, ನಿಮಿಷಕ್ಕೆ 3000 ಸುತ್ತು. ಆ ದಿನದಿಂದ 2018ರವರೆಗೆ, ಶಕ್ತಿನಗರದ ಟರ್ಬೈನೂ ಬದರ್ಪುರದ ಟರ್ಬೈನೂ ನಡೆಯುತ್ತಿದ್ದಾಗಲೆಲ್ಲ, ಸುಮಾರು ಸಾವಿರದ ಮುನ್ನೂರೈವತ್ತು ಕಿಲೋಮೀಟರು ಅಂತರದಲ್ಲಿ ಹೆಜ್ಜೆ ತಪ್ಪದೆ ಜೊತೆಯಾಗಿ ತಿರುಗಿದವು. ಶಕ್ತಿನಗರದ ಹಿರಿಯ ಘಟಕಗಳಿಗೂ ಈಗ ನಲವತ್ತರ ಆಸುಪಾಸು. ಅಲ್ಲಿ ಆಗಾರಕ್ಕಾಗಿಯೇ ಒಂದು ಊರು ಬೆಳೆದಿದೆ. ಇಂಥ ಕಡೆಗಳಲ್ಲಿ ಕಾಯಂ ನೌಕರರಿಗೆ ಬೇರೆಡೆಗೆ ವರ್ಗವಾದೀತು. ಬೂದಿ ಹೊರುವ, ಕಲ್ಲಿದ್ದಲು ಇಳಿಸುವ ಗುತ್ತಿಗೆಯ ಕೂಲಿಗೆ, ಗೇಟಿನ ಹೊರಗೆ ಚಹ ಕಾಯಿಸುವವನಿಗೆ ವರ್ಗಾವಣೆಯ ಪತ್ರ ಬರುವುದಿಲ್ಲ. ತಂತಿಯನ್ನು ಮೊದಲೇ ಎಳೆಯಬೇಕೆಂಬ ಮಾತು ಇವರ ಅನ್ನಕ್ಕೂ ಸಲ್ಲುತ್ತದೆ.

ಬದರ್ಪುರದ ಯಂತ್ರಗಳು ನಿಂತರೂ ಬೂದಿ ಮಾತ್ರ ಎಲ್ಲಿಯೂ ಹೋಗಲಿಲ್ಲ. ನೀರಿನಲ್ಲಿ ಕಲಸಿ ಕೊಳವೆಯ ಮೂಲಕ ಹರಿಯಬಿಟ್ಟ ಬೂದಿಯು ದಶಕಗಳ ಕಾಲ ದೊಡ್ಡ ಕೊಳಗಳಲ್ಲಿ ಶೇಖರವಾಗಿತ್ತು. ಹಾರುಬೂದಿಯಿಂದ ಇಟ್ಟಿಗೆ ಮಾಡುತ್ತಾರೆ, ಸಿಮೆಂಟಿಗೆ ಬೆರೆಸುತ್ತಾರೆ. ದೆಹಲಿಯ ಎರಡನೆಯ ನಿಜಾಮುದ್ದೀನ್ ಸೇತುವೆಗೆ ಸೇರುವ ರಸ್ತೆಯ ಏರಿಯನ್ನು ಕಟ್ಟಲು ಬೂದಿಯನ್ನೇ ಬಳಸಿದರು. ಆದರೂ ಉಳಿದದ್ದು ಬಹಳ. ಮೇ ತಿಂಗಳ ಬಿಸಿಗಾಳಿ ಬೀಸಿದಾಗ ಒಣಗಿದ ಕೊಳದಿಂದ ಬೂದಿ ಎದ್ದು ಸುತ್ತಣ ಮನೆಗಳ ಮೇಲೆ ಕವಿಯಬಲ್ಲದು. ಈ ನೆಲದ ಸುಮಾರು 880 ಎಕರೆಯಲ್ಲಿ ಉದ್ಯಾನವನ್ನು ಬೆಳೆಸುವ ಯೋಜನೆಯನ್ನು ಎನ್‌ಟಿಪಿಸಿ ಕೈಗೊಂಡಿತು. ಬರಿಯ ಬೂದಿಯಲ್ಲಿ ಸಾರವಿಲ್ಲ, ಬೇರಿಗೆ ಹಿಡಿತವೂ ಇಲ್ಲ. ಆದುದರಿಂದ ಇಂಥ ಕಡೆ ಮೊದಲು ಮೇಲೆ ಮಣ್ಣು ಹಾಸಬೇಕು, ಹುಲ್ಲು ಹಿಡಿಯಬೇಕು. ಗಿಡದ ಮಾತು ಅದಾದ ಮೇಲೆ.